ಗಡಿ ದಾಟುವ ಹೊಗೆ: ಮಾಲೆ ಘೋಷಣೆ ಸಾಕೇ?

ಬ್ರಹ್ಮಗಿರಿ: ಗಡಿ ದಾಟುವ ವಾಯುಮಾಲಿನ್ಯ ತಡೆಯೋಕೆ ಮಾಡಿದ 1998ರ ಮಾಲೆ ಘೋಷಣೆಯನ್ನು ಭಾರತ, ಪಾಕಿಸ್ತಾನ, ಇರಾನ್, ಮಾಲ್ಡೀವ್ಸ್ ಸೇರಿ ಎಂಟು ದೇಶ ಒಪ್ಪಿವೆ. ಇಷ್ಟು ಹೊಗೆ ಇಳಿಸಬೇಕು ಅನ್ನೋ ಒಂದು ಅಂಕಿಯೂ ಅದರಲ್ಲಿಲ್ಲ. ಯುರೋಪಿನವರು 1985ರ ಹೆಲ್ಸಿಂಕಿ ಪ್ರೋಟೊಕಾಲ್‌ನಲ್ಲಿ ಗಂಧಕದ ಹೊಗೆಯನ್ನು 1993ರೊಳಗೆ 30% ಇಳಿಸ್ತೀವಿ ಅಂತ ಬರೆದುಕೊಟ್ಟರು. ನಮಗೂ ಅಂಥದ್ದು ಬೇಕು.

ಕಾವೇರಿತೀರ: "ನಮಗೂ" ಅಂದ್ರೆ ಯಾರಿಗೆ ಸಾರ್? ಅದು ಲಾಹೋರ್–ಅಮೃತಸರದ ಸಮಸ್ಯೆ. ಕೊಡಗಿನ ಗಾಳಿ ಶುದ್ಧವಾಗಿದೆ.

ಹಾರಂಗಿ: ಶುದ್ಧವೇ? ತೋಟದಲ್ಲಿಟ್ಟ ಸೆನ್ಸರ್ ಜುಲೈ ಬೆಳಗ್ಗೆ ಪಿಎಂ 2.5 (2.5 ಮೈಕ್ರಾನ್‌ವರೆಗಿನ ಸಣ್ಣ ಕಣ) ಘನ ಮೀಟರ್‌ಗೆ ನೂರು ಮೈಕ್ರೋಗ್ರಾಂ ಮೇಲೆ ಅಂತ ತೋರಿಸುತ್ತೆ. ನಮ್ಮ ದಿನದ ಮಿತಿಯೇ 60.

ತಡಿಯಂಡಮೋಳ್: ಜುಲೈ ಬೆಳಗ್ಗೆ! ಅಲ್ಲೇ ಇದೆ ತಪ್ಪು. ಆ ಸಣ್ಣ ಡಬ್ಬಿ ಚದುರಿದ ಲೇಸರ್ ಬೆಳಕನ್ನಷ್ಟೇ ಅಳೆಯುತ್ತೆ. ತೇವಾಂಶ 80% ದಾಟಿದರೆ ಕಣ ನೀರು ಹೀರಿ ಉಬ್ಬುತ್ತೆ, ಮಂಜಿನ ಹನಿಯೂ ಧೂಳಿನ ಲೆಕ್ಕಕ್ಕೆ ಸೇರುತ್ತೆ. ಬೀಟಾ ಕಿರಣ ಹಾಯಿಸಿ ಕಣದ ತೂಕ ಅಳೆಯುವ ಬೀಟಾ ಯಂತ್ರದಲ್ಲಿ ನಿಮಿಷಕ್ಕೆ 16.7 ಲೀಟರ್ ಗಾಳಿ ಬಿಸಿ ಕೊಳವೆ ಹಾದು ಬರುತ್ತೆ, ಒಣಗಿದ ಕಣ ಟೇಪಿನ ಮೇಲೆ ಕೂರುತ್ತೆ, ತೂಕ ಸಿಗುತ್ತೆ.

ಹಾರಂಗಿ: ಬಿಸಿ ಕೊಳವೆ ಅಂತ ನೀವೇ ಹೇಳಿದ್ರಿ. ಬಿಸಿಗೆ ಕಣದಲ್ಲಿರೋ ಅಮೋನಿಯಂ ನೈಟ್ರೇಟ್ ಆವಿಯಾಗುತ್ತೆ. ಹಾಗಾದ್ರೆ ನಿಮ್ಮ ಯಂತ್ರ ತೋರಿಸೋದು ಕಡಿಮೆ ಅಂಕಿ.

ತಡಿಯಂಡಮೋಳ್: ರೀ, ನೈಟ್ರೇಟ್ ಚಳಿಗಾಲದ ಗಂಗಾ ಬಯಲಿನ ಮಾತು! ಜುಲೈನಲ್ಲಿ ಇಲ್ಲಿಗೆ ಬೀಸೋದು ಅರಬ್ಬೀ ಸಮುದ್ರದ ಗಾಳಿ, ಅದರಲ್ಲಿರೋದು ಉಪ್ಪು. ಉಪ್ಪೇ ಎಲ್ಲಕ್ಕಿಂತ ಹೆಚ್ಚು ನೀರು ಹೀರೋದು. ಡಬ್ಬಿಯನ್ನು ಬೀಟಾ ಯಂತ್ರದ ಪಕ್ಕ ಮಳೆಗಾಲದಲ್ಲಿ ಒಂದು ತಿಂಗಳು, ಬೇಸಗೆಯಲ್ಲಿ ಒಂದು ತಿಂಗಳು ಇಡಿ. ತೇವಾಂಶವನ್ನೂ ಸೇರಿಸಿ, ಡಬ್ಬಿಯ ಅಂಕಿ ತಿದ್ದುವ ಸಮೀಕರಣ ತೆಗೆಯಿರಿ. ಬೇಸಗೆಯ ಸಮೀಕರಣ ಮಳೆಗಾಲಕ್ಕೆ ಹೊಂದಲ್ಲ. ಇದ್ಯಾವುದೂ ಮಾಡದ ಅಂಕಿ ಹಿಡ್ಕೊಂಡು ವಾದಕ್ಕೆ ಬರಬೇಡಿ.

ಹಾರಂಗಿ: ಪಕ್ಕದಲ್ಲಿಡೋಕೆ ಊರೂರಿಗೆ ಬೀಟಾ ಯಂತ್ರ ಎಲ್ಲಿದೆ? ಮಡಿಕೇರಿಯ ಅಂಕಿ ತಂದು ಕುಶಾಲನಗರಕ್ಕೆ ಹಚ್ಚೋಕಾಗಲ್ಲ. ಎತ್ತರ ಬೇರೆ, ಮಳೆ ಬೇರೆ.

ಬ್ರಹ್ಮಗಿರಿ: "ಅರಬ್ಬೀ ಸಮುದ್ರದ ಗಾಳಿ" ಜುಲೈಗೆ ಸರಿ. ಜನವರಿಗೆ? ಈಶಾನ್ಯದ ಗಾಳಿ ಉಪಖಂಡದ ಹೊಗೆಯನ್ನು ಹಿಂದೂ ಮಹಾಸಾಗರದವರೆಗೆ ಒಯ್ಯೋದನ್ನು 1999ರಲ್ಲೇ ಇಂಡೋಎಕ್ಸ್ ಅನ್ನೋ ಅಂತರರಾಷ್ಟ್ರೀಯ ವಿಜ್ಞಾನ ಪ್ರಯೋಗ ಅಳೆದು ತೋರಿಸಿದೆ. ಮಾಲ್ಡೀವ್ಸ್‌ಗೆ ಹೊಗೆ ಕಳಿಸೋರಲ್ಲಿ ನಾವೂ ಇದ್ದೀವಿ ಕಾವೇರಿತೀರ ಅವರೇ.

ಕಾವೇರಿತೀರ: ಕಳಿಸ್ತೀವಿ ಅಂತಲೇ ಇಟ್ಕೊಳ್ಳಿ, ಒಪ್ಪಂದ ಬರೆದ ಮಾತ್ರಕ್ಕೆ ನಿಲ್ಲುತ್ತಾ? ಆಗ್ನೇಯ ಏಷ್ಯಾ ದೇಶಗಳ ಕೂಟವಾದ ಆಸಿಯಾನ್‌ನ ಹೊಗೆ ಒಪ್ಪಂದ 2002ರದ್ದು. ಹೊಗೆಯ ಮೂಲವಾದ ಇಂಡೋನೇಷ್ಯಾ ಅನುಮೋದಿಸಿದ್ದು 2014ರಲ್ಲಿ, 2015ರಲ್ಲಿ ಸಿಂಗಾಪುರಕ್ಕೆ ಮತ್ತೆ ಹೊಗೆ.

ಬ್ರಹ್ಮಗಿರಿ: 2014 ಅಂದ್ರಲ್ಲ, ಅದೇ ವರ್ಷ ಸಿಂಗಾಪುರ ಕಾಯ್ದೆ ತಂದು, ಹೊರದೇಶದಲ್ಲಿ ಕಾಡು ಸುಟ್ಟು ಹೊಗೆ ಎಬ್ಬಿಸಿದ ಕಂಪನಿಗೂ ದಿನಕ್ಕೆ 1 ಲಕ್ಷ ಸಿಂಗಾಪುರ ಡಾಲರ್‌ವರೆಗೆ ದಂಡ ಇಟ್ಟಿತು. ಮಾಲೆ ಘೋಷಣೆಯಲ್ಲಿ ದಂಡದ ಒಂದು ಸಾಲಿದ್ದರೆ ತೋರಿಸಿ.

ಹಾರಂಗಿ: ದಂಡ ಹಾಕೋಕೂ ಅಂಕಿ ಬೇಕಲ್ವಾ? ಕುಶಾಲನಗರದ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.