ಕಪ್ಪು ಮಲ: ಕಬ್ಬಿಣದ ಮಾತ್ರೆಯದೋ, ಹೊಟ್ಟೆಯೊಳಗಿನ ರಕ್ತವೋ?

ಆಶಾ ಕಾರ್ಯಕರ್ತೆ, ಬಾಗೇಪಲ್ಲಿ
ನಮ್ಮ ಕಡೆ ಫ್ಲೋರೈಡ್ ನೀರು ಕುಡಿದು ಮಂಡಿ, ಸೊಂಟ ಹಿಡಿದುಕೊಂಡ ವಯಸ್ಸಾದವರು ಬಹಳ. ಅಂಗಡಿಯಿಂದ ಡೈಕ್ಲೋಫೆನಾಕ್ ಅನ್ನುವ ನೋವಿನ ಮಾತ್ರೆ ತಂದು ತಿಂಗಳುಗಟ್ಟಲೆ ನುಂಗುತ್ತಾರೆ. ಕೆಲವರಿಗೆ ಜೊತೆಗೆ ಕಬ್ಬಿಣದ ಮಾತ್ರೆಯೂ ಇರುತ್ತದೆ. ಮಲ ಕಪ್ಪಗೆ ಹೋಗ್ತಿದೆ ಅಂದರೆ ಮನೆಯಲ್ಲೇ ಹೇಗೆ ಗುರುತಿಸುವುದು? 108ಕ್ಕೆ ಯಾವಾಗ ಫೋನ್ ಮಾಡಬೇಕು?

ಸ್ಟಾಫ್ ನರ್ಸ್, ತುರ್ತು ವಿಭಾಗ, ಕೋಲಾರ
ಮೇಡಂ, ಬಣ್ಣಕ್ಕಿಂತ ಅಂಟು, ವಾಸನೆ ಕೇಳಿ. ಕಬ್ಬಿಣದ ಮಾತ್ರೆಯಿಂದಾದರೆ ಹಸಿರು ಬೆರೆತ ಕಪ್ಪು, ಮಲ ಗಟ್ಟಿಯಾಗಿಯೇ ಇರುತ್ತದೆ. ರಕ್ತವಾದರೆ ಡಾಂಬರಿನ ಹಾಗೆ ಹೊಳಪು, ಅಂಟಂಟು; ಒಂದು ಚೊಂಬು ನೀರಿಗೆ ಹೋಗುವುದಿಲ್ಲ, ದುರ್ವಾಸನೆ ತಡೆಯಲಾಗದು. ಜಠರದಿಂದ ಇಳಿದ ರಕ್ತ ಕರುಳಿನಲ್ಲಿ ಕೊಳೆತು ಹಾಗಾಗುತ್ತದೆ. ಡಾಂಬರು ಮಲ ಕಂಡ ದಿನವೇ ಆಸ್ಪತ್ರೆ, ನಾಳೆ ನೋಡೋಣ ಬೇಡ.

ಇದರ ಜೊತೆ ಎದ್ದು ನಿಂತರೆ ಕಣ್ಣು ಕತ್ತಲೆ, ತಣ್ಣನೆ ಬೆವರು, ಕೂತಿದ್ದಾಗಲೂ ನಾಡಿ 100ಕ್ಕಿಂತ ಹೆಚ್ಚು, ರಕ್ತ ವಾಂತಿ ಅಥವಾ ಕಾಫಿ ಗಸಿಯಂಥ ವಾಂತಿ, ಇವುಗಳಲ್ಲಿ ಒಂದಿದ್ದರೂ 108. ಬಿಪಿಗೆ ಅಟೆನೊಲಾಲ್, ಮೆಟೊಪ್ರೊಲಾಲ್ ತಗೊಳ್ಳುವವರಲ್ಲಿ ನಾಡಿ ಏರದೆಯೂ ಇರಬಹುದು, ಅದನ್ನೇ ನಂಬಬೇಡಿ. ಎಡ ಮಗ್ಗುಲಿಗೆ ಮಲಗಿಸಿ, ವಾಂತಿ ಶ್ವಾಸಕೋಶಕ್ಕೆ ಹೋಗಬಾರದು. ಎಂಡೋಸ್ಕೋಪಿ (ಬಾಯಿಯಿಂದ ಕ್ಯಾಮೆರಾ ಕೊಳವೆ ಇಳಿಸಿ ಜಠರ ನೋಡುವುದು) ಬೇಕಾಗಬಹುದು, ಆದ್ದರಿಂದ ಎಳನೀರು, ಮಜ್ಜಿಗೆ ಏನೂ ಕೊಡಬೇಡಿ. ತಗೊಳ್ಳುತ್ತಿದ್ದ ಎಲ್ಲ ಮಾತ್ರೆಗಳ ಪಟ್ಟಿ ಅಥವಾ ಖಾಲಿ ಸ್ಟ್ರಿಪ್ ಕಳಿಸಿ.

ಫಾರ್ಮಸಿಸ್ಟ್, ತುಮಕೂರು
ಪಾವಗಡದ ಕಡೆಯೂ ಇದೇ ಕಥೆ. ಊಟ ಮಾಡಿ ನುಂಗಿದರೆ ಏನೂ ಆಗಲ್ಲ, ಇಂಜೆಕ್ಷನ್ ಆದರೆ ಹೊಟ್ಟೆಗೆ ತೊಂದರೆಯಿಲ್ಲ ಅನ್ನುವುದು ಎರಡೂ ತಪ್ಪು. ಜಠರದ ಒಳಪದರವನ್ನು ಆಮ್ಲದಿಂದ ಕಾಯುವ ಪ್ರೋಸ್ಟಗ್ಲಾಂಡಿನ್‌ಗಳನ್ನೇ ಡೈಕ್ಲೋಫೆನಾಕ್‌ನಂಥ ನೋವಿನ ಔಷಧಿ ಕಡಿಮೆ ಮಾಡುತ್ತದೆ. ರಕ್ತಕ್ಕೆ ಸೇರಿದ ಮೇಲೆ, ಬಾಯಿಂದ ಹೋಗಿದ್ದೇನು, ಸೂಜಿಯಿಂದ ಹೋಗಿದ್ದೇನು. ವಯಸ್ಸಾದವರಿಗೆ ಜಠರದ ಹುಣ್ಣು ನೋಯದೆಯೇ ರಕ್ತ ಸೋರಬಹುದು.

ಎರಡು ಬಗೆ ನೋವಿನ ಮಾತ್ರೆ ಒಟ್ಟಿಗೆ, ಅಥವಾ ಅದರ ಜೊತೆ ಆಸ್ಪಿರಿನ್, ಸ್ಟೀರಾಯ್ಡ್ ಇದ್ದರೆ ಅಪಾಯ ಇನ್ನೂ ಜಾಸ್ತಿ. ಹೆಸರಿಲ್ಲದ ಪುಡಿ, ಪೊಟ್ಟಣ ಕಟ್ಟಿಕೊಟ್ಟ ಮಾತ್ರೆ ದಯವಿಟ್ಟು ಬಿಡಿಸಿ. ಪ್ಯಾರಾಸಿಟಮಾಲ್ ಜಠರಕ್ಕೆ ಮೃದು, ದಿನಕ್ಕೆ 500 ಮಿ.ಗ್ರಾಂನ ಆರು ಮೀರಬಾರದು. ಲಿವರ್ ತೊಂದರೆ ಇದ್ದರೆ ಮೊದಲು ಡಾಕ್ಟರನ್ನು ಕೇಳಬೇಕು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರ ಆಸ್ಪಿರಿನ್ ಮಾತ್ರ ನೀವಾಗಿ ನಿಲ್ಲಿಸಬೇಡಿ, ಸ್ಟೆಂಟ್ ಕಟ್ಟಿಕೊಳ್ಳಬಹುದು.

ಆಶಾ ಕಾರ್ಯಕರ್ತೆ, ಬಾಗೇಪಲ್ಲಿ
ಹಿಮೋಗ್ಲೋಬಿನ್ 12 ಬಂದರೆ ರಕ್ತ ಹೋಗಿಲ್ಲ ಅನ್ನಬಹುದಾ? ಕೆಂಪು ರಕ್ತ ಹೋದರೆ ಮೂಲವ್ಯಾಧಿ ತಾನೇ?

ವೈದ್ಯ, ಚಿಕ್ಕಬಳ್ಳಾಪುರ
ಮೊದಲ ಗಂಟೆಗಳ 12ನ್ನು ನಂಬಬೇಡಿ. ರಕ್ತ ಹೋಗುವಾಗ ಕಣವೂ ನೀರೂ ಒಟ್ಟಿಗೇ ಹೋಗುತ್ತವೆ, ಸಾಂದ್ರತೆ ಹಾಗೇ ಉಳಿಯುತ್ತದೆ. ಸಲೈನ್ ಹೋದ ಮೇಲೆ, ಇಲ್ಲವೇ ಒಂದರಿಂದ ಮೂರು ದಿನದಲ್ಲಿ, ನಿಜವಾದ ಅಂಕಿ ಕಾಣುತ್ತದೆ. ಮತ್ತೆ ಮತ್ತೆ ಪರೀಕ್ಷಿಸಬೇಕು.

ಮಲವಿಸರ್ಜನೆ ಆದಮೇಲೆ ತೊಟ್ಟಿಕ್ಕುವ ಕೆಂಪು ಹೆಚ್ಚಾಗಿ ಮೂಲವ್ಯಾಧಿಯೇ. ಆದರೆ ರಕ್ತ ಮಲದೊಂದಿಗೆ ಬೆರೆತಿದ್ದರೆ, ತೂಕ ಇಳಿದಿದ್ದರೆ, 50 ದಾಟಿದವರಿಗೆ ರಕ್ತಹೀನತೆಯಿದ್ದರೆ ದೊಡ್ಡ ಕರುಳಿನ ಕ್ಯಾನ್ಸರ್ ಇಲ್ಲವೆಂದು ಕೊಲೊನೋಸ್ಕೋಪಿಯಿಂದ (ಗುದದ್ವಾರದಿಂದ ಕ್ಯಾಮೆರಾ ಕೊಳವೆ ಹಾಕಿ ದೊಡ್ಡ ಕರುಳು ನೋಡುವ ಪರೀಕ್ಷೆ) ಖಚಿತಪಡಿಸಿಕೊಳ್ಳಬೇಕು. ಬರೀ ಕಬ್ಬಿಣದ ಮಾತ್ರೆ ಕೊಟ್ಟು ಕಳಿಸುವುದು ಸರಿಯಲ್ಲ.

ಕುಡಿತದಿಂದ ಲಿವರ್ ಹಾಳಾದವರದು ಬೇರೆಯೇ ಮಾತು. ಅನ್ನನಾಳದಲ್ಲಿ ಉಬ್ಬಿದ ರಕ್ತನಾಳ ಒಡೆದರೆ ನೋವಿಲ್ಲದೆ ಬಟ್ಟಲುಗಟ್ಟಲೆ ರಕ್ತ ವಾಂತಿಯಾಗುತ್ತದೆ. ಅಂಥವರನ್ನು ಎಂಡೋಸ್ಕೋಪಿಯೂ ರಕ್ತನಿಧಿಯೂ ಇರುವಲ್ಲಿಗೇ ನೇರವಾಗಿ ಒಯ್ಯಿರಿ. ಹುಣ್ಣು ಕಂಡುಬಂದ ಎಲ್ಲರಿಗೂ ಹೆಲಿಕೋಬ್ಯಾಕ್ಟರ್ ಪರೀಕ್ಷೆ ಕೇಳಿ. ಆ ಬ್ಯಾಕ್ಟೀರಿಯಾ ಉಳಿದರೆ ಹುಣ್ಣು ಮರುಕಳಿಸುತ್ತದೆ. ಸಾಮಾನ್ಯವಾಗಿ 14 ದಿನದ ಔಷಧಿ, ನಡುವೆ ಬಿಡದಂತೆ ನೀವು ನೋಡಿಕೊಳ್ಳಿ.