ವರ್ಟ್-ಇನ್‌ಸ್ಟಾಲ್‌ಗೆ ಕಿಕ್‌ಸ್ಟಾರ್ಟ್ ಕಡತ ಕೊಟ್ಟರೂ ಇನ್‌ಸ್ಟಾಲರ್ ನಡುವೆ ನಿಲ್ಲುತ್ತದೆ: ಏನು ಬಿಟ್ಟುಹೋಗಿರಬಹುದು?

ಪ್ರಶ್ನೆ

ನಮಸ್ಕಾರ. ಲಿನಕ್ಸ್ ವರ್ಚುವಲ್ ಯಂತ್ರಗಳನ್ನು ಪ್ರತಿ ಸಲವೂ ಪರದೆಯ ಮುಂದೆ ಕುಳಿತು ಇನ್‌ಸ್ಟಾಲ್ ಮಾಡುವ ಬದಲು, ಒಂದೇ ಕಮಾಂಡ್ ಕೊಟ್ಟು ಇಡೀ ಕೆಲಸ ತಾನಾಗಿ ಮುಗಿಯುವಂತೆ ಮಾಡಲು ಪ್ರಯತ್ನಿಸುತ್ತಿದ್ದೇನೆ. ಕೆವಿಎಂ (ಲಿನಕ್ಸ್ ಕರ್ನಲ್‌ನ ವರ್ಚುವಲೀಕರಣ ಸೌಲಭ್ಯ) ಇರುವ ಸರ್ವರ್‌ನಲ್ಲಿ, ವರ್ಚುವಲ್ ಯಂತ್ರಗಳನ್ನು ಸೃಷ್ಟಿಸಿ ಇನ್‌ಸ್ಟಾಲ್ ಶುರುಮಾಡುವ ವರ್ಟ್-ಇನ್‌ಸ್ಟಾಲ್ ಎಂಬ ಕಮಾಂಡ್ ಬಳಸುತ್ತಿದ್ದೇನೆ. ಇನ್‌ಸ್ಟಾಲ್ ಆಗಬೇಕಿರುವುದು ಆಲ್ಮಾಲಿನಕ್ಸ್ 9. ಇನ್‌ಸ್ಟಾಲರ್ ಕೇಳುವ ಪ್ರಶ್ನೆಗಳಿಗೆ ಉತ್ತರಗಳನ್ನು ಮೊದಲೇ ಬರೆದಿಡುವ ಕಿಕ್‌ಸ್ಟಾರ್ಟ್ ಕಡತವನ್ನು ನಾನೇ ಬರೆದದ್ದಲ್ಲ. ಒಂದು ವರ್ಚುವಲ್ ಯಂತ್ರದಲ್ಲಿ ಕೈಯಾರೆ ಇನ್‌ಸ್ಟಾಲ್ ಮಾಡಿ, ಅದರ ರೂಟ್ ಬಳಕೆದಾರರ ಹೋಮ್ ಡೈರೆಕ್ಟರಿಯಲ್ಲಿ ಇನ್‌ಸ್ಟಾಲರ್ ತಾನೇ ಬರೆದಿಟ್ಟ ಅನಕೊಂಡ-ಕೆಎಸ್ ಕಡತವನ್ನು ತೆಗೆದುಕೊಂಡು, ಹೋಸ್ಟ್‌ನೇಮ್ ಮಾತ್ರ ಬದಲಿಸಿದ್ದೇನೆ.

ನನಗೆ ಎದುರಾಗಿರುವ ತೊಡಕುಗಳು ಇವು. ಸಿಡಿರಾಮ್ ಆಯ್ಕೆಯಲ್ಲಿ ಐಎಸ್ಒ ಕೊಟ್ಟು, ಜೊತೆಗೆ ಕಿಕ್‌ಸ್ಟಾರ್ಟ್ ಎಲ್ಲಿದೆ ಎಂದು ಎಕ್ಸ್‌ಟ್ರಾ-ಆರ್ಗ್ಸ್ ಮೂಲಕ ತಿಳಿಸಿದರೆ ವರ್ಟ್-ಇನ್‌ಸ್ಟಾಲ್ ಅದನ್ನು ಒಪ್ಪುವುದಿಲ್ಲ. ಲೊಕೇಶನ್ ಆಯ್ಕೆಗೆ ಬದಲಾಯಿಸಿದ ಮೇಲೆ ಕಡತ ಓದಲ್ಪಡುತ್ತದೆ, ಹೊಸ ಡಿಸ್ಕ್ ಇಮೇಜ್ ಇದ್ದರೆ ಇನ್‌ಸ್ಟಾಲ್ ಕೂಡ ಆಗುತ್ತದೆ. ಆದರೆ ಅದೇ ಡಿಸ್ಕ್ ಇಮೇಜ್ ಮೇಲೆ ಎರಡನೆಯ ಸಲ ಇನ್‌ಸ್ಟಾಲ್ ಮಾಡಲು ಹೋದರೆ ಡಿಸ್ಕ್ ಆಯ್ಕೆಯ ಎದುರು ಎಚ್ಚರಿಕೆಯ ಗುರುತು ಹಾಕಿ ಪರದೆ ನಿಂತುಬಿಡುತ್ತದೆ. ಇನ್ನು, ಸ್ಕ್ರಿಪ್ಟ್‌ನಿಂದ ನಡೆಸುವುದರಿಂದ, ಯಂತ್ರದ ಪರದೆ ತಾನಾಗಿ ತೆರೆಯದಂತೆ ನೋ-ಆಟೊಕನ್ಸೋಲ್ ಆಯ್ಕೆ ಕೊಟ್ಟಿದ್ದೇನೆ. ಇನ್‌ಸ್ಟಾಲ್ ಮುಗಿದ ಯಂತ್ರ ಮತ್ತೆ ಏಳದೆ ಆಫ್ ಆಗಿಯೇ ಉಳಿಯುತ್ತದೆ.

ಇದೆಲ್ಲ ಸರಿಹೋದ ಮೇಲೆ ಇದೇ ಕಡತವನ್ನು ಭೌತಿಕ ಯಂತ್ರಗಳಿಗೂ ಬಳಸುವ ಯೋಚನೆಯಿದೆ. ಅವುಗಳಲ್ಲಿ ಎರಡೆರಡು ಡಿಸ್ಕ್‌ಗಳಿದ್ದು, ಒಂದರಲ್ಲಿರುವ ದತ್ತಾಂಶವನ್ನು ಮುಟ್ಟುವಂತಿಲ್ಲ. ಅಲ್ಲಿಗೆ ಹೋಗುವ ಮುನ್ನ ಏನೇನು ಬದಲಿಸಬೇಕು ಎಂಬುದನ್ನು ತಿಳಿದವರು ಹೇಳಬೇಕೆಂದು ಕೋರುತ್ತೇನೆ.

ಉತ್ತರ 1

ನಿಮ್ಮ ಮೂರು ತೊಡಕುಗಳಿಗೂ ಬೇರೆ ಬೇರೆ ಕಾರಣಗಳಿವೆ. ಆದ್ದರಿಂದ ಒಂದೊಂದನ್ನೇ ನೋಡೋಣ.

ಸಿಡಿರಾಮ್ ಆಯ್ಕೆ ಕೊಟ್ಟಾಗ ವರ್ಚುವಲ್ ಯಂತ್ರವು ಐಎಸ್ಒ ಒಳಗಿನ ಬೂಟ್‌ಲೋಡರ್ ಮೂಲಕವೇ ಏಳುತ್ತದೆ, ಹೀಗಾಗಿ ಕರ್ನಲ್‌ಗೆ ಯಾವ ನಿಯತಾಂಕ ಹೋಗಬೇಕೆಂದು ಹೇಳಲು ವರ್ಟ್-ಇನ್‌ಸ್ಟಾಲ್‌ಗೆ ದಾರಿಯೇ ಇರುವುದಿಲ್ಲ. ಲೊಕೇಶನ್ ಆಯ್ಕೆಯಲ್ಲಿ ಅದು ಕರ್ನಲ್ ಮತ್ತು ಇನಿಟ್‌ಆರ್‌ಡಿ (ಬೂಟ್‌ನ ಆರಂಭದಲ್ಲಿ ಕರ್ನಲ್ ಬಳಸುವ ತಾತ್ಕಾಲಿಕ ಫೈಲ್‌ಸಿಸ್ಟಮ್) ಎರಡನ್ನೂ ಹೊರತೆಗೆದು ನೇರವಾಗಿ ಬೂಟ್ ಮಾಡುತ್ತದೆ. ಎಕ್ಸ್‌ಟ್ರಾ-ಆರ್ಗ್ಸ್ ಆಗಲಿ, ಕಿಕ್‌ಸ್ಟಾರ್ಟ್ ಕಡತವನ್ನು ಇನಿಟ್‌ಆರ್‌ಡಿ ಒಳಗೇ ಸೇರಿಸುವ ಇನಿಟ್‌ಆರ್‌ಡಿ-ಇಂಜೆಕ್ಟ್ ಆಗಲಿ ಕೆಲಸ ಮಾಡಲು ಇದೇ ಕಾರಣ. ಒಂದು ಎಚ್ಚರಿಕೆ: ಹಳೆಯ ಲೇಖನಗಳಲ್ಲಿ ಕರ್ನಲ್ ನಿಯತಾಂಕವನ್ನು ಬರೀ 'ಕೆಎಸ್=' ಎಂದು ಬರೆದಿರುವುದನ್ನು ನೋಡಿರಬಹುದು. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 9 ಮತ್ತು ಅದರಿಂದ ಬಂದ ಆಲ್ಮಾಲಿನಕ್ಸ್‌ನಂಥ ವಿತರಣೆಗಳಲ್ಲಿ ಮುಂದೆ 'ಇನ್‌ಸ್ಟ್.' ಎಂಬ ಪೂರ್ವಪದ ಇಲ್ಲದಿದ್ದರೆ ಅನಕೊಂಡ (ಈ ವಿತರಣೆಗಳ ಇನ್‌ಸ್ಟಾಲರ್‌ನ ಹೆಸರು) ಅದನ್ನು ಗಣನೆಗೆ ತೆಗೆದುಕೊಳ್ಳುವುದಿಲ್ಲ.

ಎರಡನೆಯ ಸಲ ಡಿಸ್ಕ್ ಬಳಿ ನಿಲ್ಲುವುದಕ್ಕೆ ಕಾರಣ ನಿಮ್ಮ ಕಡತದಲ್ಲೇ ಇರಬೇಕು. ಇನ್‌ಸ್ಟಾಲರ್ ತಾನಾಗಿ ಬರೆದಿಡುವ ಕಡತದಲ್ಲಿ ಸಾಮಾನ್ಯವಾಗಿ 'ಕ್ಲಿಯರ್‌ಪಾರ್ಟ್' ಆದೇಶದ ಮುಂದೆ 'ನನ್' ಎಂದಿರುತ್ತದೆ, ಅಂದರೆ ಈಗಿರುವ ಯಾವ ಪಾರ್ಟಿಷನ್ನನ್ನೂ ಅಳಿಸಬೇಡ ಎಂದರ್ಥ. ಖಾಲಿ ಡಿಸ್ಕ್‌ನಲ್ಲಿ ಅಳಿಸಲು ಏನೂ ಇಲ್ಲದ ಕಾರಣ ಮೊದಲ ಸಲ ಸರಾಗವಾಗಿ ಆಯಿತು. ಎರಡನೆಯ ಸಲ ಜಾಗವೇ ಇಲ್ಲದ್ದರಿಂದ ಅನಕೊಂಡ ನಿಮ್ಮನ್ನು ಕೇಳಲು ನಿಂತಿತು. ಇದನ್ನು ದೋಷವೆಂದು ನಾನು ಭಾವಿಸುವುದಿಲ್ಲ. ಉತ್ತರ ಗೊತ್ತಿಲ್ಲದ ಕಡೆ ಊಹಿಸದೆ ನಿಲ್ಲುವುದೇ ಇನ್‌ಸ್ಟಾಲರ್ ಮಾಡಬೇಕಾದ ಕೆಲಸ. 'ಇಗ್ನೋರ್‌ಡಿಸ್ಕ್' ಆದೇಶದ 'ಓನ್ಲಿ-ಯೂಸ್' ಆಯ್ಕೆಯಲ್ಲಿ ವರ್ಚುವಲ್ ಡಿಸ್ಕನ್ನು ವಿಡಿಎ ಎಂದು ಹೆಸರಿಸಿ, ಕ್ಲಿಯರ್‌ಪಾರ್ಟ್‌ಗೆ 'ಆಲ್' ಕೊಟ್ಟು, ಅದರ 'ಡ್ರೈವ್ಸ್' ಆಯ್ಕೆಯಲ್ಲಿಯೂ ಅದೇ ಡಿಸ್ಕ್‌ನ ಹೆಸರು ಬರೆಯಿರಿ. ಡಿಸ್ಕ್‌ನ ಹೆಸರಿಲ್ಲದೆ ಬರೀ 'ಆಲ್' ಎಂದು ಬರೆಯುವ ಅಭ್ಯಾಸವನ್ನು ವರ್ಚುವಲ್ ಯಂತ್ರದಲ್ಲೂ ಮಾಡಿಕೊಳ್ಳಬೇಡಿ, ಏಕೆಂದರೆ ನಾಳೆ ಭೌತಿಕ ಯಂತ್ರಕ್ಕೆ ಹೋಗುವುದು ಇದೇ ಕಡತ.

ಯಂತ್ರ ಮತ್ತೆ ಏಳದಿರುವುದಕ್ಕೆ ಎರಡು ಸಾಧ್ಯತೆಗಳಿವೆ. ಕಿಕ್‌ಸ್ಟಾರ್ಟ್ ಕಡತದಲ್ಲಿ 'ರೀಬೂಟ್' ಅಥವಾ 'ಪವರ್‌ಆಫ್' ಎಂದು ಹೇಳದಿದ್ದರೆ ಪೂರ್ವನಿಯೋಜಿತ ನಡೆ 'ಹಾಲ್ಟ್' ಆಗಿರುತ್ತದೆ. ಆದ್ದರಿಂದ 'ರೀಬೂಟ್' ಸಾಲು ಇದೆಯೇ ಎಂದು ನೋಡಿ. ಇದ್ದೂ ಏಳುತ್ತಿಲ್ಲವೆಂದರೆ ವರ್ಟ್-ಇನ್‌ಸ್ಟಾಲ್ ಕೆಲಸ ಮಾಡುವ ಬಗೆಯನ್ನು ತಿಳಿಯಬೇಕಾಗುತ್ತದೆ. ಇನ್‌ಸ್ಟಾಲ್ ನಡೆಯುವಾಗ ಅದು ಯಂತ್ರವನ್ನು ತಾತ್ಕಾಲಿಕ ಸಂರಚನೆಯಲ್ಲಿ ನಡೆಸುತ್ತದೆ, ಮತ್ತು ಆ ಸಂರಚನೆಯಲ್ಲಿ ರೀಬೂಟ್ ಆದಾಗ ಯಂತ್ರವನ್ನು ನಿಲ್ಲಿಸಬೇಕೆಂದೇ ಬರೆದಿರುತ್ತದೆ, ಇಲ್ಲವಾದರೆ ಮತ್ತೆ ಇನ್‌ಸ್ಟಾಲರ್ ಕರ್ನಲ್ಲೇ ಏಳುತ್ತದೆ. ಹಾಗೆ ನಿಂತ ಯಂತ್ರವನ್ನು ಡಿಸ್ಕ್‌ನಿಂದ ಬೂಟ್ ಆಗುವ ಅಂತಿಮ ಸಂರಚನೆಯಲ್ಲಿ ಮತ್ತೆ ಎಬ್ಬಿಸುವುದು ವರ್ಟ್-ಇನ್‌ಸ್ಟಾಲ್‌ನ ಕೆಲಸ. ನೀವು ನೋ-ಆಟೊಕನ್ಸೋಲ್ ಮಾತ್ರ ಕೊಟ್ಟಿರುವುದರಿಂದ ಅದು ಇನ್‌ಸ್ಟಾಲ್ ಶುರುವಾದ ಕೂಡಲೇ ಹೊರಬಂದಿರುತ್ತದೆ. ಕೊನೆಯಲ್ಲಿ ಎಬ್ಬಿಸಲು ಯಾರೂ ಉಳಿದಿರುವುದಿಲ್ಲ. ಜೊತೆಗೆ 'ವೇಟ್' ಆಯ್ಕೆಯನ್ನೂ ಕೊಡಿ. ಮೌಲ್ಯ -1 ಎಂದರೆ ಮುಗಿಯುವವರೆಗೂ ಕಾಯುತ್ತದೆ. ನಿಮಿಷಗಳಲ್ಲಿ ಮೌಲ್ಯ ಕೊಟ್ಟರೆ ಅಷ್ಟು ಹೊತ್ತಿನೊಳಗೆ ಮುಗಿಯದಿದ್ದಾಗ ದೋಷಸೂಚನೆಯೊಂದಿಗೆ ಹೊರಬರುವುದರಿಂದ, ಸ್ಕ್ರಿಪ್ಟ್‌ಗೆ ಅದೇ ಹೆಚ್ಚು ಉಪಯುಕ್ತ ಎಂಬುದು ನನ್ನ ಅಭಿಪ್ರಾಯ.

ಇನ್ನೊಂದು ಮಾತು. ಗ್ರಾಫಿಕ್ಸ್ ಬೇಡವೆಂದು ಹೇಳಿ, ಕರ್ನಲ್‌ಗೆ ಸೀರಿಯಲ್ ಕನ್ಸೋಲ್ ನಿಯತಾಂಕವನ್ನು ಕೊಟ್ಟು, ಕಿಕ್‌ಸ್ಟಾರ್ಟ್‌ನಲ್ಲಿ 'ಸಿಎಮ್‌ಡಿಲೈನ್' ಎಂಬ ಆದೇಶವನ್ನು ಸೇರಿಸಿ. ಈ ಸ್ಥಿತಿಯಲ್ಲಿ ಇನ್‌ಸ್ಟಾಲರ್ ಏನನ್ನೂ ಕೇಳುವಂತಿಲ್ಲ. ಉತ್ತರವಿಲ್ಲದ ಪ್ರಶ್ನೆ ಎದುರಾದರೆ ಇನ್‌ಸ್ಟಾಲ್ ಅಲ್ಲಿಗೇ ನಿಲ್ಲುತ್ತದೆ. ಯಾವ ಉತ್ತರ ಬಿಟ್ಟುಹೋಗಿದೆ ಎಂಬುದು ಕನ್ಸೋಲ್‌ನಲ್ಲಿ ಕಾಣುವುದರಿಂದ ಕಡತವನ್ನು ತಿದ್ದಿಕೊಳ್ಳಲು ಇದು ಬಹಳ ನೆರವಾಗುತ್ತದೆ.

ಉತ್ತರ 2

ಮೇಲಿನ ಉತ್ತರವನ್ನು ಒಪ್ಪುತ್ತೇನೆ, ಆದರೆ ಭೌತಿಕ ಯಂತ್ರದ ವಿಷಯದಲ್ಲಿ ಡಿಸ್ಕ್‌ನ ಹೆಸರು ಬರೆದರಷ್ಟೇ ಸಾಲದು. ವರ್ಚುವಲ್ ಯಂತ್ರದಲ್ಲಿ ವಿಡಿಎ ಎಂಬುದು ಒಂದೇ ಇರುತ್ತದೆ. ಭೌತಿಕ ಯಂತ್ರದಲ್ಲಿ ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರುಗಳನ್ನು ಕರ್ನಲ್ ತಾನು ಡಿಸ್ಕ್‌ಗಳನ್ನು ಕಂಡುಕೊಂಡ ಕ್ರಮದಲ್ಲಿ ಕೊಡುತ್ತದೆ, ಮತ್ತು ಆ ಕ್ರಮ ಒಂದು ಬೂಟ್‌ನಿಂದ ಇನ್ನೊಂದಕ್ಕೆ ಹಾಗೆಯೇ ಉಳಿಯುತ್ತದೆ ಎಂಬ ಖಾತ್ರಿ ಇಲ್ಲ. ಇನ್‌ಸ್ಟಾಲರ್ ಇರುವ ಯುಎಸ್‌ಬಿ ಕಡ್ಡಿಯನ್ನು ಚುಚ್ಚಿದ ಮಾತ್ರಕ್ಕೆ ಅದೇ ಎಸ್‌ಡಿಎ ಆಗಿ, ದತ್ತಾಂಶದ ಡಿಸ್ಕ್ ಬೇರೆ ಹೆಸರಿಗೆ ಸರಿಯಬಹುದು. ಯಾರೂ ನೋಡದಿರುವಾಗ ನಡೆಯುವ ಇನ್‌ಸ್ಟಾಲ್‌ನಲ್ಲಿ ಇದನ್ನು ಕಂಡು ತಡೆಯುವವರು ಯಾರೂ ಇರುವುದಿಲ್ಲ.

ಹೆಸರಿನ ಬದಲು ಡಿಸ್ಕ್‌ನ ಗುರುತನ್ನೇ ಬಳಸಿ. ಡೆವ್ ಡೈರೆಕ್ಟರಿಯ ಒಳಗೆ ಡಿಸ್ಕ್ ಬೈ-ಐಡಿ ಎಂಬಲ್ಲಿ ತಯಾರಕರ ಮಾದರಿ ಮತ್ತು ಕ್ರಮಸಂಖ್ಯೆ ಸೇರಿದ ಕೊಂಡಿಗಳಿರುತ್ತವೆ, ಇಗ್ನೋರ್‌ಡಿಸ್ಕ್ ಮತ್ತು ಕ್ಲಿಯರ್‌ಪಾರ್ಟ್ ಎರಡೂ ಅವನ್ನು ಸ್ವೀಕರಿಸುತ್ತವೆ. ಪ್ರತಿ ಯಂತ್ರಕ್ಕೂ ಬೇರೆ ಕ್ರಮಸಂಖ್ಯೆ ಇರುವುದರಿಂದ ಒಂದೇ ಕಡತ ಸಾಲುವುದಿಲ್ಲವೆಂದಾದರೆ 'ಪ್ರೀ' ವಿಭಾಗದಲ್ಲಿ ಚಿಕ್ಕ ಸ್ಕ್ರಿಪ್ಟ್ ಬರೆಯಬಹುದು. ಅದು ಎಲ್‌ಎಸ್‌ಬ್ಲಾಕ್ ಮೂಲಕ ಡಿಸ್ಕ್‌ಗಳ ಮಾದರಿ, ಗಾತ್ರ, ಕ್ರಮಸಂಖ್ಯೆಗಳನ್ನು ಓದಿ, ನಿಮ್ಮ ನಿಯಮಕ್ಕೆ ಹೊಂದುವ ಡಿಸ್ಕ್ ಸಿಕ್ಕಾಗ ಪಾರ್ಟಿಷನ್ ಸಾಲುಗಳನ್ನು ಟೆಂಪ್ ಡೈರೆಕ್ಟರಿಯ ಒಂದು ಕಡತಕ್ಕೆ ಬರೆಯಲಿ. ಮುಖ್ಯ ಕಡತವು 'ಇನ್‌ಕ್ಲೂಡ್' ಮೂಲಕ ಅದನ್ನು ಸೇರಿಸಿಕೊಳ್ಳಲಿ. ಹೊಂದುವ ಡಿಸ್ಕ್ ಒಂದೂ ಸಿಗದಿದ್ದರೆ, ಅಥವಾ ಒಂದಕ್ಕಿಂತ ಹೆಚ್ಚು ಸಿಕ್ಕರೆ, ಸ್ಕ್ರಿಪ್ಟ್ ದೋಷದೊಂದಿಗೆ ಹೊರಬರಬೇಕು. ಆಗ ಇನ್‌ಸ್ಟಾಲ್ ಮುಂದುವರಿಯದಂತೆ ಮಾಡಲು ಪ್ರೀ ವಿಭಾಗಕ್ಕೆ 'ಎರರ್‌ಆನ್‌ಫೇಲ್' ಆಯ್ಕೆಯನ್ನು ಕೊಟ್ಟಿರಬೇಕು. ಅದಿಲ್ಲದಿದ್ದರೆ ನಿಮ್ಮ ಸ್ಕ್ರಿಪ್ಟ್ ಸೋತರೂ ಅನಕೊಂಡ ಮುಂದೆ ಹೋಗುತ್ತದೆ. ಸಾಧ್ಯವಿದ್ದರೆ ಮೊದಲ ಪರೀಕ್ಷೆಯ ವೇಳೆ ದತ್ತಾಂಶದ ಡಿಸ್ಕ್‌ನ ಕೇಬಲ್ಲನ್ನೇ ತೆಗೆದಿಡಿ.

ಉಬುಂಟು ಸರ್ವರ್‌ನ ಆಟೊಇನ್‌ಸ್ಟಾಲ್ ಈ ವಿಷಯದಲ್ಲಿ ಅನುಸರಿಸುವ ಕ್ರಮ ನನಗೆ ಬಹಳ ಹಿಡಿಸಿದೆ. ಉತ್ತರಗಳಿರುವ ಯಾಮಲ್ ಕಡತ ಸಿಕ್ಕಿದರೂ, ಕರ್ನಲ್ ನಿಯತಾಂಕಗಳಲ್ಲಿ 'ಆಟೊಇನ್‌ಸ್ಟಾಲ್' ಎಂಬ ಪದ ಇಲ್ಲದಿದ್ದರೆ ಅದು ಡಿಸ್ಕ್‌ಗೆ ಬರೆಯುವ ಮುನ್ನ ಒಮ್ಮೆ ಒಪ್ಪಿಗೆ ಕೇಳುತ್ತದೆ. ಮರೆತು ಬಿಟ್ಟ ಯುಎಸ್‌ಬಿ ಕಡ್ಡಿಯಿಂದ ಒಂದು ಯಂತ್ರ ಅಳಿಸಿಹೋಗದಂತೆ ಇಟ್ಟಿರುವ ತಡೆ ಇದು. ಕಿಕ್‌ಸ್ಟಾರ್ಟ್‌ನಲ್ಲಿ ಅಂಥ ತಡೆ ಇಲ್ಲ: ಓಇಎಂಡಿಆರ್‌ವಿ ಎಂಬ ಲೇಬಲ್ ಇರುವ ಕಡ್ಡಿಯಲ್ಲಿ ಕಿಕ್‌ಸ್ಟಾರ್ಟ್ ಕಡತವಿದ್ದರೆ ಅನಕೊಂಡ ಅದನ್ನು ಕೇಳದೆಯೇ ಎತ್ತಿಕೊಳ್ಳುತ್ತದೆ.

ನೆಟ್‌ವರ್ಕ್ ಮೂಲಕ, ಅಂದರೆ ಪಿಎಕ್ಸ್‌ಇ ಬಳಸಿ ಇನ್‌ಸ್ಟಾಲ್ ಮಾಡುವುದಾದರೆ ಬೂಟ್ ಕ್ರಮವನ್ನೂ ಯೋಚಿಸಬೇಕು. ನೆಟ್‌ವರ್ಕ್ ಮೊದಲು ಎಂದಿದ್ದರೆ, ಇನ್‌ಸ್ಟಾಲ್ ಮುಗಿಸಿ ರೀಬೂಟ್ ಆದ ಯಂತ್ರ ಮತ್ತೆ ನೆಟ್‌ವರ್ಕ್‌ನಿಂದಲೇ ಎದ್ದು ಮತ್ತೆ ಇನ್‌ಸ್ಟಾಲ್ ಶುರುಮಾಡುತ್ತದೆ, ಮತ್ತು ಇದು ಕೊನೆಯಿಲ್ಲದೆ ನಡೆಯುತ್ತದೆ. ಡಿಸ್ಕ್ ಮೊದಲು, ನೆಟ್‌ವರ್ಕ್ ಅನಂತರ ಎಂದಿಟ್ಟರೆ ಖಾಲಿ ಡಿಸ್ಕ್ ಇರುವ ಯಂತ್ರ ಮಾತ್ರ ಇನ್‌ಸ್ಟಾಲರ್‌ಗೆ ಹೋಗುತ್ತದೆ.

ಉತ್ತರ 3

ಪಾಸ್‌ವರ್ಡ್ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ಸಂಕ್ಷಿಪ್ತವಾಗಿ ಬರೆಯುತ್ತೇನೆ. ಕಿಕ್‌ಸ್ಟಾರ್ಟ್ ಕಡತವನ್ನು ಎಚ್‌ಟಿಟಿಪಿ ಮೂಲಕ ಕೊಟ್ಟರೆ ಆ ನೆಟ್‌ವರ್ಕ್‌ನಲ್ಲಿರುವ ಯಾರು ಬೇಕಾದರೂ ಅದನ್ನು ಓದಬಹುದು. ಪಾಸ್‌ವರ್ಡನ್ನು ಓಪನ್‌ಎಸ್‌ಎಸ್‌ಎಲ್‌ನ ಪಾಸ್‌ಡಬ್ಲ್ಯುಡಿ ಉಪಕಮಾಂಡ್‌ಗೆ -6 ಎಂಬ ಆಯ್ಕೆ ಕೊಟ್ಟು ಎಸ್‌ಎಚ್‌ಎ-512 ಹ್ಯಾಶ್ ಆಗಿ ಬರೆಯಬಹುದು, ಆದರೆ ದುರ್ಬಲ ಪಾಸ್‌ವರ್ಡ್ ಆಗಿದ್ದರೆ ಹ್ಯಾಶ್ ಕೈಗೆ ಸಿಕ್ಕವರು ನಿಧಾನವಾಗಿ ಅದನ್ನು ಕಂಡುಹಿಡಿಯಬಲ್ಲರು. ನನ್ನ ಶಿಫಾರಸು ಇದು: ರೂಟ್ ಖಾತೆಯನ್ನು 'ಲಾಕ್' ಆಯ್ಕೆಯಿಂದ ಮುಚ್ಚಿ, ಒಬ್ಬ ಬಳಕೆದಾರರನ್ನು ಸೃಷ್ಟಿಸಿ, 'ಎಸ್‌ಎಸ್‌ಎಚ್‌ಕೀ' ಆದೇಶದ ಮೂಲಕ ಅವರ ಸಾರ್ವಜನಿಕ ಕೀಲಿಯನ್ನು ಸೇರಿಸಿ. ಸಾರ್ವಜನಿಕ ಕೀಲಿಯನ್ನು ಇತರರು ಓದಿದರೂ ತೊಂದರೆಯಿಲ್ಲ. ಇನ್‌ಸ್ಟಾಲ್ ಆದ ಯಂತ್ರದಲ್ಲಿ ಕಿಕ್‌ಸ್ಟಾರ್ಟ್‌ನ ಪ್ರತಿಗಳು ಉಳಿಯುತ್ತವೆ ಎಂಬುದನ್ನೂ ಗಮನಿಸಿ; ಬೇಡವಾದರೆ ಕರ್ನಲ್‌ಗೆ 'ಇನ್‌ಸ್ಟ್.ನೋಸೇವ್' ನಿಯತಾಂಕ ಕೊಡಬಹುದು.

ಪ್ರಶ್ನೆ ಕೇಳಿದವರು

ಮೂವರಿಗೂ ಮನಃಪೂರ್ವಕ ಧನ್ಯವಾದಗಳು. ಕ್ಲಿಯರ್‌ಪಾರ್ಟ್ ಸಾಲು ನೀವು ಹೇಳಿದಂತೆಯೇ 'ನನ್' ಎಂದಿತ್ತು. ಅದನ್ನು ತಿದ್ದಿ, 'ವೇಟ್' ಸೇರಿಸಿದ ಮೇಲೆ ಅದೇ ಡಿಸ್ಕ್ ಇಮೇಜ್ ಮೇಲೂ ಇನ್‌ಸ್ಟಾಲ್ ಪೂರ್ತಿಯಾಗಿ ಯಂತ್ರ ತಾನಾಗಿ ಏಳುತ್ತಿದೆ. ಇನ್ನು ಎರಡು ಸಂದೇಹಗಳಿವೆ. ವರ್ಟ್-ಇನ್‌ಸ್ಟಾಲ್‌ನಲ್ಲಿಯೇ 'ಅನ್‌ಅಟೆಂಡೆಡ್' ಎಂಬ ಆಯ್ಕೆ ಕಾಣಿಸುತ್ತಿದೆ. ಕಿಕ್‌ಸ್ಟಾರ್ಟ್ ಬರೆಯುವ ಶ್ರಮವಿಲ್ಲದೆ ಅದನ್ನೇ ಬಳಸಬಹುದಿತ್ತೇ? ಹಾಗೆಯೇ, ಒಂದು ಯಂತ್ರ ಸಿದ್ಧವಾದ ಮೇಲೆ ಪ್ರತಿ ಸಲವೂ ಇನ್‌ಸ್ಟಾಲ್ ಮಾಡದೆ ಅದರ ಡಿಸ್ಕ್ ಇಮೇಜನ್ನೇ ನಕಲು ಮಾಡಿದರೆ ಬೇಗ ಆಗುವುದಿಲ್ಲವೇ?

ಉತ್ತರ 1 ಬರೆದವರು

ಅನ್‌ಅಟೆಂಡೆಡ್ ಆಯ್ಕೆಯೂ ಒಳಗೊಳಗೆ ಇದೇ ಕೆಲಸ ಮಾಡುತ್ತದೆ: ಕಾರ್ಯಾಚರಣಾ ವ್ಯವಸ್ಥೆಗಳ ಮಾಹಿತಿ ಒದಗಿಸುವ ಲಿಬ್‌ಓಎಸ್‌ಇನ್ಫೋ ಎಂಬ ಲೈಬ್ರರಿಯಲ್ಲಿರುವ ಮಾದರಿಯಿಂದ ಉತ್ತರಗಳ ಕಡತವನ್ನು ತಯಾರಿಸಿ ಇನ್‌ಸ್ಟಾಲರ್‌ಗೆ ಕೊಡುತ್ತದೆ. ಪರೀಕ್ಷೆಗೆ ಬೇಗ ಒಂದು ವರ್ಚುವಲ್ ಯಂತ್ರ ಬೇಕಾದಾಗ ಅದು ಚೆನ್ನಾಗಿದೆ. ಪಾರ್ಟಿಷನ್‌ಗಳು ಹೇಗಿರಬೇಕು, ಯಾವ ಡಿಸ್ಕನ್ನು ಮುಟ್ಟಬಾರದು ಎಂದು ಖಚಿತವಾಗಿ ಹೇಳಬೇಕಿರುವ ನಿಮ್ಮಂಥವರಿಗೆ ಸ್ವಂತ ಕಿಕ್‌ಸ್ಟಾರ್ಟ್ ಕಡತವೇ ಸರಿ.

ನಕಲು ಮಾಡುವುದು ಖಂಡಿತ ಬೇಗ ಆಗುತ್ತದೆ, ಆದರೆ ಒಂದೊಂದು ಯಂತ್ರಕ್ಕೂ ಪ್ರತ್ಯೇಕವಾಗಿರಬೇಕಾದ ಸಂಗತಿಗಳೂ ಅದರೊಂದಿಗೆ ನಕಲಾಗುತ್ತವೆ. ಎಸ್‌ಎಸ್‌ಎಚ್ ಹೋಸ್ಟ್ ಕೀಲಿಗಳು ಎಲ್ಲ ಯಂತ್ರಗಳಲ್ಲೂ ಒಂದೇ ಆದರೆ ಯಾವ ಯಂತ್ರದೊಂದಿಗೆ ಮಾತಾಡುತ್ತಿದ್ದೇವೆ ಎಂಬ ಭರವಸೆಯೇ ಹೋಗುತ್ತದೆ. ಇಟಿಸಿ ಡೈರೆಕ್ಟರಿಯ ಮಷಿನ್-ಐಡಿ ಒಂದೇ ಆದರೆ ಸಿಸ್ಟಮ್‌ಡಿ-ನೆಟ್‌ವರ್ಕ್‌ಡಿ ಬಳಸುವ ಉಬುಂಟು ಸರ್ವರ್‌ನಂಥ ವ್ಯವಸ್ಥೆಗಳಲ್ಲಿ ಡಿಎಚ್‌ಸಿಪಿ ಸರ್ವರ್ ಎರಡು ಯಂತ್ರಗಳಿಗೂ ಒಂದೇ ಐಪಿ ವಿಳಾಸ ಕೊಡಬಹುದು, ಏಕೆಂದರೆ ಅಲ್ಲಿ ಯಂತ್ರದ ಗುರುತು ಆ ಐಡಿಯಿಂದಲೇ ಹುಟ್ಟುತ್ತದೆ. ಆದ್ದರಿಂದ ನಕಲು ಮಾಡುವ ಮುನ್ನ ವರ್ಟ್-ಸಿಸ್‌ಪ್ರೆಪ್ ಬಳಸಿ ಇವನ್ನೆಲ್ಲ ತೆಗೆಯಬೇಕು. ಯಂತ್ರ ಆಫ್ ಆಗಿರುವಾಗ ಮಾತ್ರ ಅದನ್ನು ನಡೆಸಿ. ಚಾಲನೆಯಲ್ಲಿರುವ ಯಂತ್ರದ ಡಿಸ್ಕ್ ಮೇಲೆ ನಡೆಸಿದರೆ ಫೈಲ್‌ಸಿಸ್ಟಮ್ ಕೆಡಬಹುದು. ಮೂಲ ಇಮೇಜನ್ನು ಮಾತ್ರ ಕಿಕ್‌ಸ್ಟಾರ್ಟ್‌ನಿಂದ ತಯಾರಿಸಿ, ಉಳಿದವನ್ನು ಅದರಿಂದ ನಕಲು ಮಾಡುವುದು ವರ್ಚುವಲ್ ಯಂತ್ರಗಳಿಗೆ ಒಳ್ಳೆಯ ಕ್ರಮ. ಭೌತಿಕ ಯಂತ್ರಗಳಲ್ಲಿ ಹಾರ್ಡ್‌ವೇರ್ ಬೇರೆ ಬೇರೆ ಇದ್ದರೆ ಪ್ರತಿಯೊಂದರಲ್ಲೂ ಇನ್‌ಸ್ಟಾಲ್ ಮಾಡುವುದನ್ನೇ ನಾನು ಆರಿಸುತ್ತೇನೆ.

ಕಡತವನ್ನು ಬದಲಿಸಿದಾಗಲೆಲ್ಲ ಪೈಕಿಕ್‌ಸ್ಟಾರ್ಟ್ ಪ್ಯಾಕೇಜಿನ ಕೆಎಸ್‌ವ್ಯಾಲಿಡೇಟರ್‌ನಿಂದ ಪರಿಶೀಲಿಸಿ. ಅದು ವ್ಯಾಕರಣದ ತಪ್ಪುಗಳನ್ನಷ್ಟೇ ಹಿಡಿಯುತ್ತದೆ. ನೀವು ಹೆಸರಿಸಿದ ಡಿಸ್ಕ್ ನಿಜವಾಗಿಯೂ ಇದೆಯೇ ಎಂಬುದು ಅದಕ್ಕೆ ತಿಳಿಯದು. ಆ ಪರೀಕ್ಷೆಗೆ ಎರಡು ಡಿಸ್ಕ್‌ಗಳಿರುವ ಒಂದು ವರ್ಚುವಲ್ ಯಂತ್ರವನ್ನು ಮಾಡಿ, ಪ್ರತಿ ಡಿಸ್ಕ್‌ಗೂ ವರ್ಟ್-ಇನ್‌ಸ್ಟಾಲ್‌ನ ಡಿಸ್ಕ್ ಆಯ್ಕೆಯಲ್ಲೇ ಬೇರೆ ಬೇರೆ ಕ್ರಮಸಂಖ್ಯೆ ಕೊಟ್ಟು, ಎರಡನೆಯದರಲ್ಲಿ ಕೆಲವು ಕಡತಗಳನ್ನು ಇಟ್ಟು ಇನ್‌ಸ್ಟಾಲ್ ನಡೆಸಿ. ಬಳಿಕ ಡಿಸ್ಕ್‌ಗಳ ಕ್ರಮವನ್ನು ಅದಲುಬದಲು ಮಾಡಿ ಇನ್ನೊಮ್ಮೆ ನಡೆಸಿ. ಎರಡೂ ಸಲ ಆ ಕಡತಗಳು ಉಳಿದಿದ್ದರೆ ಭೌತಿಕ ಯಂತ್ರಕ್ಕೆ ಹೋಗಬಹುದು. ಏನಾದರೂ ತಪ್ಪಿದರೆ ಇನ್‌ಸ್ಟಾಲ್ ನಡೆಯುವಾಗಿನ ದಾಖಲೆಗಳು ಟೆಂಪ್ ಡೈರೆಕ್ಟರಿಯಲ್ಲಿ ಸಿಗುತ್ತವೆ, ಮುಗಿದ ಮೇಲೆ ವಾರ್ ಡೈರೆಕ್ಟರಿಯ ಲಾಗ್ ಒಳಗೆ ಅನಕೊಂಡ ಹೆಸರಿನಲ್ಲಿ ಇರುತ್ತವೆ. ಅದರಲ್ಲಿ ಸ್ಟೋರೇಜ್ ಲಾಗ್ ಕಡತವನ್ನು ಇಲ್ಲಿ ಹಾಕಿದರೆ ನೋಡಿ ಹೇಳುತ್ತೇನೆ.