1957ರಲ್ಲಿ ರೇಸ್ ಚಾಲಕ ಫಾಂಜಿಯೋ ಪಿಟ್‌ಗೆ ಬಂದದ್ದು ಬೇಕಂತಲೇನಾ?

ಪ್ರಶ್ನೆ (ಕೋಥ್ರೂಡ್, ಪುಣೆ):
ನಿನ್ನೆ ರಾತ್ರಿ ಊಟದ ಹೊತ್ತಿಗೆ ಮಗನಿಗೆ 1957ರ ಜರ್ಮನ್ ಗ್ರ್ಯಾಂಡ್ ಪ್ರಿ ಕಾರ್ ರೇಸ್‌ನ ಕತೆ ಹೇಳುತ್ತಿದ್ದೆ. ಫೆರಾರಿಯ ಹಾಥಾರ್ನ್, ಕಾಲಿನ್ಸ್ ಇಬ್ಬರೂ ಎಲ್ಲೂ ನಿಲ್ಲಲಿಲ್ಲ. ಫಾಂಜಿಯೋ ಮಾತ್ರ ಯಾಕೆ ಪಿಟ್‌ನಲ್ಲಿ (ಇಂಧನ ತುಂಬಿಸಿ, ಟೈರ್ ಬದಲಿಸುವ ಜಾಗ) ನಿಂತರು ಅಂತ ಕೇಳಿದ, ಉತ್ತರ ಹೊಳೆಯಲಿಲ್ಲ.

ಉತ್ತರ (ಡೊಂಬಿವಲಿ):
ಬೇಕಂತಲೇ ಸರ್. ಅವರ ಮಾಸೆರಾಟಿ 250ಎಫ್‌ಗೆ ಅರ್ಧ ಟ್ಯಾಂಕ್ ಇಂಧನ, ಮೆತ್ತನೆಯ ಟೈರ್. ಗಾಡಿ ಹಗುರವಾದರೆ ಮೊದಲೇ ಅಂತರ ಮಾಡಿಕೊಂಡು, ನಿಂತು, ಮತ್ತೆ ಮುಂದೆಯೇ ಹೊರಡಬಹುದು ಅಂತ ಲೆಕ್ಕ. 12 ಸುತ್ತು ಮುಗಿದಾಗ ಸುಮಾರು 30 ಸೆಕೆಂಡ್ ಮುಂದಿದ್ದರು. ಆದರೆ ಪಿಟ್‌ನಲ್ಲಿ ತಡವಾಯಿತು, ಹೊರಬಂದಾಗ ಮುಕ್ಕಾಲು ನಿಮಿಷದಷ್ಟು ಹಿಂದೆ!

ಉತ್ತರ (ಮಾಟುಂಗ, ಮುಂಬೈ):
ನಿಜವಾದ ಓಟ ಶುರುವಾಗಿದ್ದೇ ಆಮೇಲೆ ಮಾರಾಯರೇ. ಆ ರೇಸ್ ನಡೆದ ನ್ಯೂರ್ಬರ್ಗ್‌ರಿಂಗ್ ಟ್ರ್ಯಾಕ್‌ನ ಒಂದು ಸುತ್ತು ಅಂದರೆ 22.8 ಕಿ.ಮೀ., ಹೆಚ್ಚುಕಡಿಮೆ ದಾದರ್‌ನಿಂದ ಬೋರಿವಲಿಯಷ್ಟು ದೂರ, ಅದೂ ಪೂರ್ತಿ ಏರಿಳಿತ, ತಿರುವು. ಸೀಟ್ ಬೆಲ್ಟ್ ಇಲ್ಲ. ಅದರಲ್ಲಿ 9 ನಿಮಿಷ 17.4 ಸೆಕೆಂಡ್‌ಗೆ ಸುತ್ತು ಮುಗಿಸಿದರು, ತಮ್ಮದೇ ಪೋಲ್ ಸಮಯಕ್ಕಿಂತ (ರೇಸ್‌ಗೆ ಮುಂಚಿನ ಅರ್ಹತಾ ಸುತ್ತಿನ ಅತಿ ವೇಗದ ಸಮಯ) 8 ಸೆಕೆಂಡ್ ಬೇಗ! 21ನೇ ಸುತ್ತಿನಲ್ಲಿ ಇಬ್ಬರನ್ನೂ ದಾಟಿ 3.6 ಸೆಕೆಂಡ್ ಅಂತರದಲ್ಲಿ ಗೆದ್ದರು. ಆಗ ವಯಸ್ಸು 46, ಅಲ್ವಾ? ಐದನೇ ವಿಶ್ವ ಪಟ್ಟವೂ ಅಲ್ಲೇ ಸಿಕ್ಕಿತು.

ಪ್ರಶ್ನೆ ಕೇಳಿದವರು:
ದಾದರ್–ಬೋರಿವಲಿ ಅಂದರೆ ಮಗನಿಗೆ ತಕ್ಷಣ ಗೊತ್ತಾಗುತ್ತೆ, ಅವನ ಅಜ್ಜಿ ಮನೆ ಬೋರಿವಲಿಯಲ್ಲೇ. ಇವತ್ತೇ ಹೇಳುತ್ತೇನೆ.